ಮ್ಯಾಪಿನಲ್ಲಿ ಹತ್ತಿರ, ರಸ್ತೆಯಲ್ಲಿ ದೂರ

ಮೆಲ್ಬರ್ನ್, ಅಡಿಲೇಡ್‌ನಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ಒಂದು ಪ್ರವಾಸ ಖಾಯಂ. ಗ್ರೇಟ್ ಓಷನ್ ರೋಡ್, ಫಿಲಿಪ್ ದ್ವೀಪದ ಪೆಂಗ್ವಿನ್, ರಜೆ ಸಿಕ್ಕರೆ ಕಡಲ ದಾರಿಯಲ್ಲೇ ಅಡಿಲೇಡ್‌ವರೆಗೆ, ಅಲ್ಲಿಂದ ಕಾಂಗರೂ ದ್ವೀಪ. ಎಪ್ಪತ್ತು ದಾಟಿದ ಅಜ್ಜ ಅಜ್ಜಿ, ಮಗ ಸೊಸೆ, ಮೊಮ್ಮಕ್ಕಳು ಎಲ್ಲರೂ ಒಂದೇ ಗಾಡಿಯಲ್ಲಿ. ಇಂಥ ಪ್ರವಾಸ ಪದೇ ಪದೇ ಕೂಡಿಬರುವುದಿಲ್ಲ. ಆದ್ದರಿಂದಲೇ ವಾಟ್ಸಾಪಿನಲ್ಲಿ, ನೆಂಟರಿಷ್ಟರ ಮಾತಿನಲ್ಲಿ ಓಡಾಡುವ ಕೆಲವು ನಂಬಿಕೆಗಳನ್ನು ಹೊರಡುವ ಮೊದಲೇ ಒರೆಗೆ ಹಚ್ಚಬೇಕು. ಯೋಜನೆ ಹಾಕುವವರು ನಡುವಯಸ್ಸಿನವರು. ಅದರಲ್ಲಿ ತಪ್ಪಾದರೆ ಮೊದಲು ಸುಸ್ತಾಗುವವರು ಹಿರಿಯರು ಮತ್ತು ಮಕ್ಕಳು.

“ಗ್ರೇಟ್ ಓಷನ್ ರೋಡ್ ಒಂದು ದಿನದ ಕೆಲಸ”

ಎಲ್ಲಕ್ಕಿಂತ ಹೆಚ್ಚು ಪ್ರವಾಸ ಕೆಡಿಸುವ ನಂಬಿಕೆ ಇದು. ಭೂಪಟದಲ್ಲಿ ಆಸ್ಟ್ರೇಲಿಯಾದ ಮೂಲೆಯಲ್ಲಿ ಚಿಕ್ಕದಾಗಿ ಕಾಣುವ ವಿಕ್ಟೋರಿಯಾ ರಾಜ್ಯ ಇಡೀ ಕರ್ನಾಟಕಕ್ಕಿಂತ ದೊಡ್ಡದು. ಪಕ್ಕದ ಸೌತ್ ಆಸ್ಟ್ರೇಲಿಯಾದಲ್ಲಿ ಐದು ಕರ್ನಾಟಕ ಹಿಡಿಸುತ್ತವೆ. ಮೆಲ್ಬರ್ನ್‌ನಿಂದ ಅಡಿಲೇಡ್‌ಗೆ ಒಳನಾಡಿನ ಹೆದ್ದಾರಿಯಲ್ಲಿ ಸುಮಾರು 730 ಕಿ.ಮೀ. ಕರಾವಳಿ ಹಿಡಿದು ಹೋದರೆ ಸಾವಿರ ದಾಟುತ್ತದೆ.

ಗ್ರೇಟ್ ಓಷನ್ ರೋಡ್ ಟಾರ್ಕೀಯಿಂದ ಅಲನ್ಸ್‌ಫರ್ಡ್‌ವರೆಗೆ ಸುಮಾರು 240 ಕಿ.ಮೀ. ಉದ್ದ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಹಾರೆ ಹಿಡಿದು, ಸತ್ತ ಸಂಗಾತಿಗಳ ನೆನಪಿಗಾಗಿ ಬಂಡೆ ಕಡಿದು ಮಾಡಿದ ರಸ್ತೆ. ಅದು ಬೆಟ್ಟದ ಸೊಂಟ ಬಳಸಿ ತಿರುತಿರುಗಿ ಸಾಗುತ್ತದೆ, ವೇಗಮಿತಿಯೂ ಬಹುಪಾಲು ಕಡಿಮೆ. ಲಾರ್ನ್‌ನಿಂದ ಅಪೊಲೊ ಬೇವರೆಗಿನ ತಿರುವುಗಳಲ್ಲಿ ಹಿಂದಿನ ಸೀಟಿನ ಮಗುವಿಗೆ ವಾಂತಿ, ಅಜ್ಜಿಗೆ ತಲೆಸುತ್ತು ಸಾಮಾನ್ಯ. ಮೆಲ್ಬರ್ನ್‌ನಿಂದ ಈ ದಾರಿಯಲ್ಲಿ ಟ್ವೆಲ್ವ್ ಅಪಾಸಲ್ಸ್ ಎಂಬ ಕಡಲ ಕಲ್ಲುಕಂಬಗಳನ್ನು ತಲುಪಲು ನಿಲ್ಲದೆ ಹೋದರೂ ನಾಲ್ಕೈದು ಗಂಟೆ ಬೇಕು. ಅದೇ ದಿನ ಮರಳಬೇಕೆಂದರೆ ಹಿರಿಯರು ಕಂಡದ್ದಕ್ಕಿಂತ ಕೂತದ್ದೇ ಹೆಚ್ಚಾಗುತ್ತದೆ. ಕಡಲ ಬದಿಯಿಂದ ಹೋಗಿ, ಅಪೊಲೊ ಬೇಯಲ್ಲೋ ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲೋ ರಾತ್ರಿ ಉಳಿದು, ಮರುದಿನ ಕೋಲಾಕ್ ಮೂಲಕ ಒಳದಾರಿಯಲ್ಲಿ ಮೂರು ಗಂಟೆಯೊಳಗೆ ಮನೆ ಸೇರುವುದು ಒಳ್ಳೆಯದು. ಜೂನ್‌ನಲ್ಲಿ ಸಂಜೆ ಐದು ಗಂಟೆ ಕಳೆಯುತ್ತಲೇ ಕತ್ತಲಾಗುತ್ತದೆ. ಕಾಂಗರೂ, ವಾಲಬಿಗಳು ರಸ್ತೆಗೆ ಇಳಿಯುವುದೂ ಅದೇ ಹೊತ್ತಿಗೆ.

“ಅಲ್ಲಿ ಹನ್ನೆರಡು ಕಂಬಗಳಿವೆ”

ಟ್ವೆಲ್ವ್ ಅಪಾಸಲ್ಸ್ ಕಂಬಗಳು ಹನ್ನೆರಡು ಎಂದೂ ಇರಲಿಲ್ಲ. ಹಳೆಯ ಹೆಸರು ‘ಸೋ ಅಂಡ್ ಪಿಗ್ಲೆಟ್ಸ್’, ಅಂದರೆ ತಾಯಿಹಂದಿ ಮತ್ತು ಮರಿಗಳು. ಪ್ರವಾಸಿಗರನ್ನು ಸೆಳೆಯಲು ಈಗಿನ ಹೆಸರು ಬಂತು. 2005ರ ಜುಲೈನಲ್ಲಿ ಅವುಗಳಲ್ಲೊಂದು ಕೆಲವೇ ಕ್ಷಣಗಳಲ್ಲಿ ಕುಸಿದು ಕಲ್ಲಿನ ರಾಶಿಯಾಯಿತು. ಹತ್ತಿರದ ‘ಲಂಡನ್ ಬ್ರಿಜ್’ ಎಂಬ ಎರಡು ಕಮಾನಿನ ಬಂಡೆಯ ಒಂದು ಕಮಾನು 1990ರ ಜನವರಿಯಲ್ಲಿ ಬಿದ್ದಾಗ ಆಚೆ ಸಿಕ್ಕಿಕೊಂಡ ಇಬ್ಬರನ್ನು ಹೆಲಿಕಾಪ್ಟರ್‌ನಲ್ಲಿ ಕರೆತರಬೇಕಾಯಿತು. ಇಲ್ಲಿಯದು ಮೆದು ಸುಣ್ಣಕಲ್ಲು. ಅಲೆ ಅದನ್ನು ಇಂದಿಗೂ ಕೊರೆಯುತ್ತಿದೆ. ಅದಕ್ಕಾಗಿಯೇ ಬೇಲಿ, ಫಲಕ. ಫೋಟೊಗಾಗಿ ಅದನ್ನು ದಾಟುವವರನ್ನು ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

“ಆಸ್ಟ್ರೇಲಿಯಾ ಬಿಸಿಲ ನಾಡು, ಸ್ವೆಟರ್ ಬೇಡ”

ಊರಿನ ಬೇಸಿಗೆ ತಪ್ಪಿಸಿಕೊಳ್ಳಲು ಏಪ್ರಿಲ್, ಮೇ ತಿಂಗಳಲ್ಲಿ ಬರುವ ಹಿರಿಯರು ಇಲ್ಲಿಯ ಚಳಿಗಾಲಕ್ಕೆ ಕಾಲಿಡುತ್ತಾರೆ. ಜುಲೈನಲ್ಲಿ ಮೆಲ್ಬರ್ನ್‌ನ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶವೇ 14 ಡಿಗ್ರಿಯ ಆಸುಪಾಸು. ದಕ್ಷಿಣದಿಂದ ಬೀಸುವ ಗಾಳಿಯಲ್ಲಿ ಅದು ಇನ್ನೂ ಕಡಿಮೆ ಎನಿಸುತ್ತದೆ. ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕಾಲಿಗೆ ಶೂ ಬೇಕೇ ಬೇಕು. ಚಪ್ಪಲಿಯಲ್ಲಿ ಬೆರಳು ಮರಗಟ್ಟಿದ ಅಜ್ಜಿಗೆ ಎಂಥ ಕಡಲೂ ಚೆಂದ ಕಾಣುವುದಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿಯ ಬೇಸಿಗೆಯ ಕತೆಯೇ ಬೇರೆ. ಉತ್ತರದ ಮರುಭೂಮಿಯಿಂದ ಗಾಳಿ ಬೀಸಿದ ದಿನ ಉಷ್ಣಾಂಶ ನಲವತ್ತು ದಾಟುತ್ತದೆ. ಸಂಜೆ ಗಾಳಿಯ ದಿಕ್ಕು ಬದಲಾದರೆ ನೋಡುನೋಡುತ್ತಲೇ ಹದಿನೈದಿಪ್ಪತ್ತು ಡಿಗ್ರಿ ಇಳಿದುಬಿಡುತ್ತದೆ. 2019ರ ಜನವರಿ 24ರಂದು ಅಡಿಲೇಡ್‌ನಲ್ಲಿ 46.6 ಡಿಗ್ರಿ ದಾಖಲಾಯಿತು. 2009ರ ಫೆಬ್ರವರಿ 7ರ ಕಾಳ್ಗಿಚ್ಚು ವಿಕ್ಟೋರಿಯಾದಲ್ಲಿ 173 ಮಂದಿಯನ್ನು ಬಲಿ ತೆಗೆದುಕೊಂಡಿತು. ಬೆಂಕಿಯ ಎಚ್ಚರಿಕೆ ಕೊಟ್ಟ ದಿನ ಕಾಡಿನ ದಾರಿ ಕೈಬಿಟ್ಟು ಪಟ್ಟಣದಲ್ಲೇ ಉಳಿಯಿರಿ. ಕಾಯ್ದಿರಿಸಿದ ಕೋಣೆಯ ದುಡ್ಡು ಹೋದರೂ ಚಿಂತೆಯಿಲ್ಲ.

ಇದರ ಬೆನ್ನಿಗೇ ಇನ್ನೊಂದು ಮಾತು: ನಮ್ಮದು ಕಂದು ಮೈಬಣ್ಣ, ಬಿಸಿಲು ಏನೂ ಮಾಡದು ಎಂಬುದು. ಮೈಬಣ್ಣ ಕೊಡುವ ರಕ್ಷಣೆ ಸ್ವಲ್ಪ ಮಾತ್ರ. ಬೆಂಗಳೂರಿನಲ್ಲಿ ಬಿಸಿಲು ಚುರುಗುಟ್ಟಿದ ಕೂಡಲೇ ನಾವು ನೆರಳಿಗೆ ಸರಿಯುತ್ತೇವೆ. ಇಲ್ಲಿ ಕಡಲತೀರದ ತಂಪು ಗಾಳಿ ಆ ಚುರುಕನ್ನು ಮುಚ್ಚಿಬಿಡುತ್ತದೆ. ಅತಿನೇರಳೆ ಕಿರಣಕ್ಕೂ ಸೆಕೆಗೂ ಸಂಬಂಧವಿಲ್ಲ. 22 ಡಿಗ್ರಿಯ ಹಿತವಾದ ಬೇಸಿಗೆಯ ದಿನವೂ ಯುವಿ ಸೂಚ್ಯಂಕ 11 ಮುಟ್ಟಬಹುದು. 3ಕ್ಕೆ ಏರಿದಾಗಲೇ ಟೋಪಿ, ಸನ್‌ಸ್ಕ್ರೀನ್, ತಂಪು ಕನ್ನಡಕ ಬೇಕೆಂಬುದು ಇಲ್ಲಿಯ ನಿಯಮ. ಕಣ್ಣಿನ ಪೊರೆ ತೆಗೆಸಿಕೊಂಡ ಹಿರಿಯರಂತೂ ಕನ್ನಡಕ ಮರೆಯಲೇಬಾರದು.

“ಸಮುದ್ರದಲ್ಲಿ ಭಯವೆಂದರೆ ಶಾರ್ಕ್‌ನದು”

ಅಲ್ಲ. ಭಯಪಡಬೇಕಾದದ್ದು ‘ರಿಪ್’ ಎಂಬ ಸೆಳೆತಕ್ಕೆ. ಆಸ್ಟ್ರೇಲಿಯಾದ ತೀರಗಳಲ್ಲಿ ವರ್ಷ ವರ್ಷವೂ ಶಾರ್ಕ್‌ಗಿಂತ ಎಷ್ಟೋ ಹೆಚ್ಚು ಜನ ಸಾಯುವುದು ಇದರಿಂದಲೇ. ದಡಕ್ಕೆ ನುಗ್ಗಿದ ಅಲೆಯ ನೀರು ಎಲ್ಲಿಂದಲಾದರೂ ಮತ್ತೆ ಕಡಲಿಗೆ ಹೋಗಬೇಕಲ್ಲ, ಅದು ಮರಳಿನ ನಡುವಿನ ಆಳದ ಓಣಿಯೊಂದನ್ನು ಹುಡುಕಿಕೊಂಡು ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಮೇಲಿನಿಂದ ನೋಡಿದರೆ ಎರಡೂ ಕಡೆ ಬಿಳಿ ನೊರೆಯ ಅಲೆ, ನಡುವೆ ಅಲೆಯೇ ಒಡೆಯದ ಕಡುಬಣ್ಣದ ಪಟ್ಟಿ. ಈಜು ಬಾರದವರು, ಮಕ್ಕಳನ್ನು ಕರೆದುಕೊಂಡು ಬಂದವರು ಅಲ್ಲಿಯ ನೀರು ಶಾಂತವಾಗಿದೆ ಎಂದುಕೊಂಡು ಅಲ್ಲೇ ಇಳಿಯುತ್ತಾರೆ. ಇಳಿಯಬಾರದ ಜಾಗ ಅದೇ.

ಮಲ್ಪೆಯಲ್ಲೋ ಗೋಕರ್ಣದಲ್ಲೋ ಸೀರೆಯ ನೆರಿಗೆ ಎತ್ತಿ ಹಿಡಿದು, ಮೊಮ್ಮಗುವಿನ ಕೈ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಲ್ಲುವುದು ನಮ್ಮ ಅಜ್ಜಿಯರಿಗೆ ರೂಢಿ. ದಕ್ಷಿಣ ಸಾಗರದ ಎದುರು ಅದು ಸಲ್ಲದು. ಕಾವಲಿಲ್ಲದ ತೀರದಲ್ಲಿ ಒಂದು ದೊಡ್ಡ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲೂ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಕೆಂಪು ಹಳದಿ ಬಾವುಟಗಳ ನಡುವೆ, ಜೀವರಕ್ಷಕರ ಕಣ್ಣೆದುರು ಮಾತ್ರ ನೀರಿಗಿಳಿಯಬೇಕು. ಬಾವುಟ ಇಲ್ಲದಿದ್ದರೆ ಮರಳಿನ ಮೇಲೆ ಕೂತು ನೋಡಿ. ಸೆಳೆತಕ್ಕೆ ಸಿಕ್ಕರೆ ಎದುರು ಈಜಬೇಡಿ, ಬಲ ಸೋರಿಹೋಗುತ್ತದೆ. ತೇಲುತ್ತ, ಕೈ ಎತ್ತಿ ಸಹಾಯ ಕೇಳಿ. ಒಬ್ಬರನ್ನು ಎಳೆದು ತರಲು ಇನ್ನೊಬ್ಬರು ಬರಿಗೈಯಲ್ಲಿ ಹಾರುವುದರಿಂದಲೇ ಒಂದೇ ಮನೆಯ ಇಬ್ಬರು ಮೂವರು ಮುಳುಗುವುದು.

“ಊರಿನ ತಿಂಡಿ ಬಚ್ಚಿಟ್ಟು ತಂದರೆ ಆಯಿತು”

ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿನ್ನುವ ಸಾಮಾನು ಇದೆ ಎಂದು ಬರೆದರೆ ಎಲ್ಲವನ್ನೂ ಎಸೆಯುತ್ತಾರೆ ಎಂಬ ಭಯದಿಂದ ಹಿರಿಯರು ಇಲ್ಲ ಎಂದು ಗುರುತು ಹಾಕುತ್ತಾರೆ. ಬರೆದು ತೋರಿಸಿದ್ದಕ್ಕೆ ದಂಡವಿಲ್ಲ. ಪರೀಕ್ಷಿಸಿ ಕೊಡುತ್ತಾರೆ, ಇಲ್ಲವೇ ಇಟ್ಟುಕೊಳ್ಳುತ್ತಾರೆ, ಅಷ್ಟೇ. ಮುಚ್ಚಿಟ್ಟದ್ದು ಸಿಕ್ಕರೆ ಭಾರಿ ದಂಡ, ಪ್ರವಾಸಿ ವೀಸಾಕ್ಕೂ ಕುತ್ತು. ಹಸಿ ಕರಿಬೇವು, ತುಳಸಿ, ಬಿತ್ತನೆಗೆ ಬರುವ ಬೀಜ, ಹಾಲಿನ ಸಿಹಿಯನ್ನು ಊರಲ್ಲೇ ಬಿಟ್ಟು ಬನ್ನಿ. ಕಾಲುಬಾಯಿ ರೋಗವಿಲ್ಲದ ಈ ದೇಶ ಅದನ್ನು ಹೊರಗಿಡಲು ಹಾಲಿನ ಪದಾರ್ಥದ ಮೇಲೆ ಕಣ್ಣಿಟ್ಟಿರುತ್ತದೆ.

ದೇಶದ ಒಳಗೆ ಬಂದ ಮೇಲೆ ತಪಾಸಣೆ ಇಲ್ಲ ಎಂಬುದೂ ತಪ್ಪು. ವಿಕ್ಟೋರಿಯಾದಿಂದ ಸೌತ್ ಆಸ್ಟ್ರೇಲಿಯಾಕ್ಕೆ ಹೋಗುವಾಗ ಹಣ್ಣು, ಟೊಮೆಟೊ, ಮೆಣಸಿನಕಾಯಿ ಒಯ್ಯುವಂತಿಲ್ಲ. ಹಣ್ಣಿನ ನೊಣ ತೋಟಗಳಿಗೆ ಹಬ್ಬದಿರಲೆಂದು ಈ ನಿಯಮ. ಮಿಲ್ಡುರಾದಿಂದ ರೆನ್‌ಮಾರ್ಕ್‌ಗೆ ಹೋಗುವ ಹೆದ್ದಾರಿಯಲ್ಲಿ ಯಾಂಬಾ ಎಂಬಲ್ಲಿ ಗಾಡಿ ನಿಲ್ಲಿಸಿ ನೋಡುತ್ತಾರೆ. ಟಾಸ್ಮೇನಿಯಾದ ಬಂದರಿನಲ್ಲೂ ಹೀಗೇ. ಅಜ್ಜಿ ಬುಟ್ಟಿ ತುಂಬ ಕಿತ್ತಳೆ ಕೊಂಡಿದ್ದರೆ ಗಡಿಗೆ ಮುಂಚೆಯೇ ಎಲ್ಲರೂ ತಿಂದು ಮುಗಿಸಿ.

ಸಸ್ಯಾಹಾರಿಗಳು ಉಪವಾಸ ಬೀಳುತ್ತಾರೆ ಎಂಬ ಹೆದರಿಕೆಗೆ ಹೆಚ್ಚು ಹೇಳಬೇಕಿಲ್ಲ. ಅಡುಗೆಮನೆ ಇರುವ ಕ್ಯಾಬಿನ್‌ಗಳು ಊರೂರಲ್ಲೂ ಸಿಗುತ್ತವೆ, ಅಕ್ಕಿ ಬೇಳೆ ಮೊಸರು ಸೂಪರ್‌ಮಾರ್ಕೆಟ್‌ನಲ್ಲಿವೆ. ಆದರೆ ಸಣ್ಣ ಊರುಗಳ ಹೋಟೆಲುಗಳು ರಾತ್ರಿ ಎಂಟಕ್ಕೇ ಒಲೆ ಆರಿಸುತ್ತವೆ. ಒಂದು ಪುಟ್ಟ ಕುಕ್ಕರ್ ಡಿಕ್ಕಿಯಲ್ಲಿರಲಿ.

“ಅಲ್ಲಿ ಆಸ್ಪತ್ರೆ ಎಲ್ಲರಿಗೂ ಉಚಿತ”

ಮೆಡಿಕೇರ್ ಸೌಲಭ್ಯ ನಾಗರಿಕರಿಗೆ, ಖಾಯಂ ನಿವಾಸಿಗಳಿಗೆ ಮತ್ತು ಒಪ್ಪಂದ ಇರುವ ಕೆಲವು ದೇಶಗಳವರಿಗೆ. ಭಾರತದೊಂದಿಗೆ ಆ ಒಪ್ಪಂದವಿಲ್ಲ. ಮಗ ಆಸ್ಟ್ರೇಲಿಯಾದ ಪ್ರಜೆಯಾದರೂ ಪ್ರವಾಸಿ ವೀಸಾದ ಅಪ್ಪ ಅಮ್ಮನ ಆಸ್ಪತ್ರೆ ಬಿಲ್ ಮನೆಯವರ ತಲೆಗೇ. ವಿಕ್ಟೋರಿಯಾದಲ್ಲಿ ಆಂಬುಲೆನ್ಸಿಗೂ ದುಡ್ಡು ತೆರಬೇಕು. ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ, ಬಿಪಿ, ಹಿಂದೆ ಹಾಕಿಸಿದ ಸ್ಟೆಂಟ್ ಯಾವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟ ವಿಮೆ ಬೇಕಾದಾಗ ಕೈಕೊಡುತ್ತದೆ. ಭಾರತದ ವೈದ್ಯರ ಚೀಟಿಗೆ ಇಲ್ಲಿಯ ಔಷಧದ ಅಂಗಡಿಯಲ್ಲಿ ಮಾತ್ರೆ ಕೊಡುವುದಿಲ್ಲ. ಮೂರು ತಿಂಗಳವರೆಗಿನ ಸ್ವಂತ ಔಷಧವನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದಿಗೆ ತರಬಹುದು. ಆ ಔಷಧದ ಡಬ್ಬಿ ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ.

“ಮಗು ಅಜ್ಜಿಯ ತೊಡೆಯ ಮೇಲೆ ಕೂರುತ್ತದೆ”

ಕೂರುವಂತಿಲ್ಲ. ಏಳು ವರ್ಷದೊಳಗಿನ ಮಗುವಿಗೆ ವಯಸ್ಸಿಗೆ ತಕ್ಕ ಮಕ್ಕಳ ಸೀಟು ಕಡ್ಡಾಯ, ಅದೂ ಆಸ್ಟ್ರೇಲಿಯಾದ ಮಾನದಂಡದ್ದೇ ಆಗಬೇಕು. ಗಾಡಿ ಹಿಡಿಯುವಾಗ ತಲೆ ಎಣಿಸಿದರೆ ಸಾಲದು. ನಡುಸಾಲಿನಲ್ಲಿ ಮಕ್ಕಳ ಸೀಟು ಬಿಗಿದರೆ ಹಿಂದಿನ ಸಾಲಿಗೆ ನುಸುಳಿ ಹೋಗಬೇಕಾದವರು ಯಾರು, ಮಂಡಿನೋವಿನ ಅಜ್ಜನೇ? ಏಳು ಸೀಟಿನ ಬಹಳಷ್ಟು ಗಾಡಿಗಳಲ್ಲಿ ಏಳೂ ಜನ ಕೂತರೆ ಸೂಟ್‌ಕೇಸಿಗೆ ಜಾಗವಿಲ್ಲ. ಬಾಡಿಗೆಗೆ ಒಪ್ಪುವ ಮುನ್ನ ಅಜ್ಜನನ್ನು ಒಮ್ಮೆ ಹತ್ತಿಸಿ ಇಳಿಸಿ ನೋಡಿ.

“ಇನ್ನೂರು ವರ್ಷದ ಹಿಂದೆ ಇಲ್ಲಿ ಏನೂ ಇರಲಿಲ್ಲ”

ದೇವಾಲಯ, ಕೋಟೆ ನೋಡಿ ಬೆಳೆದ ನಮ್ಮ ಹಿರಿಯರು ಇಲ್ಲಿ ಚರಿತ್ರೆಯೇ ಇಲ್ಲ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಅವರನ್ನು ವಾರ್ನಂಬೂಲ್ ದಾಟಿ ಬುಜ್ ಬಿಮ್‌ಗೆ ಕರೆದುಕೊಂಡು ಹೋಗಬೇಕು. ಜ್ವಾಲಾಮುಖಿಯಿಂದ ಹರಿದು ಗಟ್ಟಿಯಾದ ಕಪ್ಪು ಕಲ್ಲಿನ ನೆಲದಲ್ಲಿ ಗುಂಡಿಚ್‌ಮಾರಾ ಜನರು ಕಾಲುವೆ ತೋಡಿ, ಕಲ್ಲು ಪೇರಿಸಿ ಒಡ್ಡು ಕಟ್ಟಿ, ಕೊಳ ಮಾಡಿ ಹಾವುಮೀನು ಸಾಕಿದರು. ಅವರು ಆ ಮೀನನ್ನು ಕೂಯಾಂಗ್ ಎನ್ನುತ್ತಾರೆ. ಅಲ್ಲಿಯ ರಚನೆಗಳಿಗೆ ಸುಮಾರು 6,600 ವರ್ಷ ವಯಸ್ಸು. ನೀರು ಏರಿದಾಗ ಮೀನು ಕಾಲುವೆಗೆ ಬರುತ್ತದೆ, ಒಡ್ಡಿನ ಕಿಂಡಿಗೆ ಒಡ್ಡಿದ ಹೆಣೆದ ಬುಟ್ಟಿಗೆ ಬೀಳುತ್ತದೆ. ಮಲೆನಾಡಿನ ಹಳ್ಳಕ್ಕೆ ಕೂಣಿ ಒಡ್ಡುವುದನ್ನು ಕಂಡವರಿಗೆ ಅದರ ಲೆಕ್ಕಾಚಾರ ನೋಡಿದ ಕ್ಷಣವೇ ತಿಳಿಯುತ್ತದೆ. ಪಕ್ಕದಲ್ಲೇ ಕಲ್ಲಿನ ಮನೆಗಳ ತಳಪಾಯ. ಈ ಜನ ಅಲೆಮಾರಿಗಳು, ಏನೂ ಕಟ್ಟಲಿಲ್ಲ ಎಂಬ ಮಾತು ಆ ಕಲ್ಲುಗಳ ಮುಂದೆ ನಿಲ್ಲುವುದಿಲ್ಲ. 2019ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೂಲನಿವಾಸಿಗಳ ಸಂಸ್ಕೃತಿಯ ಮಹತ್ವವೊಂದಕ್ಕಾಗಿಯೇ ಆಸ್ಟ್ರೇಲಿಯಾದಲ್ಲಿ ಆ ಪಟ್ಟಿ ಸೇರಿದ ಮೊದಲ ತಾಣ ಇದು. ಗುಂಡಿಚ್‌ಮಾರಾ ಮಾರ್ಗದರ್ಶಕರೇ ತೋರಿಸುತ್ತಾರೆ. ಇಡೀ ಪ್ರವಾಸದಲ್ಲಿ ಒಂದೇ ಜಾಗ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

“ಪ್ರಾಣಿಗಳನ್ನು ಎತ್ತಿಕೊಂಡು ಫೋಟೊ ತೆಗೆಸಬಹುದು”

ವಿಕ್ಟೋರಿಯಾದಲ್ಲಿ ಕೋಆಲಾವನ್ನು ಎತ್ತಿಕೊಳ್ಳುವಂತಿಲ್ಲ. ಅದು ಕರಡಿಯೂ ಅಲ್ಲ, ಕಾಂಗರೂವಿನಂತೆ ಹೊಟ್ಟೆಚೀಲದ ಪ್ರಾಣಿ. ನೀಲಗಿರಿ ಎಲೆ ತಿಂದು ಅಮಲೇರಿ ಮಲಗುತ್ತದೆ ಎನ್ನುವುದೂ ಸುಳ್ಳು. ಆ ಎಲೆಯಲ್ಲಿ ಸತ್ವ ಕಡಿಮೆ, ಅರಗುವುದು ನಿಧಾನ, ಅದಕ್ಕೇ ಅಷ್ಟು ನಿದ್ದೆ. ಫಿಲಿಪ್ ದ್ವೀಪದ ಪೆಂಗ್ವಿನ್ ಮೆರವಣಿಗೆಯಲ್ಲಿ ಮೊಬೈಲಿನ ಫೋಟೊ ಸಹ ನಿಷಿದ್ಧ. ಒಂದು ಕಿಲೊ ತೂಗುವ ಆ ಪುಟ್ಟ ಹಕ್ಕಿಗಳು ದಡಕ್ಕೆ ಬರುವುದು ಸೂರ್ಯ ಮುಳುಗಿದ ಮೇಲೆ, ಅಂದರೆ ಡಿಸೆಂಬರ್‌ನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ. ಅಲ್ಲಿಂದ ಮೆಲ್ಬರ್ನ್‌ಗೆ ಎರಡು ಗಂಟೆಯ ದಾರಿ. ಮಕ್ಕಳಿಗೆ ಮಧ್ಯಾಹ್ನ ನಿದ್ದೆ ಮಾಡಿಸಿ, ಆ ರಾತ್ರಿ ದ್ವೀಪದಲ್ಲೇ ಉಳಿಯಿರಿ.

“ಕಾಂಗರೂ ದ್ವೀಪ ಬೆಳಗ್ಗೆ ಹೋಗಿ ಸಂಜೆ ಬರುವ ಜಾಗ”

ಕೇಪ್ ಜರ್ವಿಸ್‌ನಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ ಎಂಬುದು ನಿಜ. ಆದರೆ ದ್ವೀಪದ ವಿಸ್ತಾರ ಸುಮಾರು 4,400 ಚದರ ಕಿ.ಮೀ., ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡದು. ಕಡಲಸಿಂಹಗಳ ಸೀಲ್ ಬೇ ದಕ್ಷಿಣದಲ್ಲಿ, ರಿಮಾರ್ಕಬಲ್ ರಾಕ್ಸ್ ಪಶ್ಚಿಮದ ತುದಿಯಲ್ಲಿ, ನಡುವೆ ಎಷ್ಟೋ ಕಡೆ ಜಲ್ಲಿ ರಸ್ತೆ. 2019-20ರ ಕಾಳ್ಗಿಚ್ಚು ದ್ವೀಪದ ಅರ್ಧದಷ್ಟನ್ನು ಸುಟ್ಟಿತ್ತು. ಸುಟ್ಟ ಕಾಂಡಗಳಿಂದ ಚಿಗುರು ಒಡೆದದ್ದನ್ನು ಮಕ್ಕಳಿಗೆ ತೋರಿಸಬಹುದು. ಕನಿಷ್ಠ ಎರಡು ರಾತ್ರಿ ಬೇಕು. ದ್ವೀಪದ ಲಿಗೂರಿಯನ್ ಜೇನ್ನೊಣಗಳಿಗೆ ರೋಗ ತಗಲದಿರಲೆಂದು ಹೊರಗಿನ ಜೇನುತುಪ್ಪ ಒಯ್ಯುವುದು ನಿಷಿದ್ಧ. ಅಜ್ಜನ ಕಷಾಯದ ಜೇನಿನ ಬಾಟಲಿಯನ್ನು ದೋಣಿ ಹತ್ತುವ ಮೊದಲೇ ತೆಗೆದಿಡಿ. ಬೇಕಾದ ಜೇನು ಅಲ್ಲೇ ಸಿಗುತ್ತದೆ.