ಕುರ್ಚಿ ಏರಿದ ಕೌದಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಪ್ಪಳದಲ್ಲಿ ರೆಕ್ಸಿನ್ ಸೋಫಾದ ಮೇಲೆ ಕೂತು ಎದ್ದವರಿಗೆ ಕುರ್ಚಿಗೆ ಗವಸು ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ಕರೆಂಟು ಹೋಗಿರುತ್ತದೆ, ಬೆನ್ನಿಗೆ ಅಂಗಿ, ಅಂಗಿಗೆ ರೆಕ್ಸಿನ್ನು ಅಂಟಿಕೊಂಡಿರುತ್ತದೆ. ಮದುವೆಯಲ್ಲಿ ಬಂದ ಆ ಸೋಫಾ ಸೆಟ್ಟು ಕೆಲವು ವರ್ಷಕ್ಕೇ ಕೈಯಿಡುವಲ್ಲಿ ಸಿಪ್ಪೆ ಏಳತೊಡಗುತ್ತದೆ. ಪೇಟೆಯ ಎಲಾಸ್ಟಿಕ್ ಕವರು ಹೆಚ್ಚಾಗಿ ಪಾಲಿಯೆಸ್ಟರಿನದು. ಸೆಕೆ ತಗ್ಗಿಸುವುದಿರಲಿ, ಹೆಚ್ಚಿಸುತ್ತದೆ. ಈ ಭಾಗದ ಮನೆಗಳಲ್ಲಿ ಇದಕ್ಕೆ ಮದ್ದು ಟ್ರಂಕಿನ ತಳದಲ್ಲೇ ಇದೆ. ಹಳೆ ಅರಿವಿ (ಬಟ್ಟೆ), ಸೂಜಿ, ದಾರ. ಹಳೆ ಅರಿವಿಯ ಪದರಗಳನ್ನು ಸೇರಿಸಿ ಕೌದಿ ಹೊಲಿಯುವ ಕೈ ಕುರ್ಚಿಗೂ ಹೊಲಿಯಬಲ್ಲದು.

ಕುಷ್ಟಗಿ, ಯಲಬುರ್ಗಾದ ಬೆದ್ದಲು ಸೀಮೆಯಲ್ಲಿ ಸುಗ್ಗಿ ಮುಗಿದು ಮಳೆ ಹಿಡಿಯುವತನಕದ ಬಿಡುವೇ ಕೌದಿಯ ಕಾಲ. ಗುಡಿಯ ಕಟ್ಟೆಯೋ ಮನೆಯ ಪಡಸಾಲೆಯೋ, ನೆರಳಿದ್ದಲ್ಲಿ ಅರಿವಿ ಹಾಸಿಕೊಂಡು ಇಬ್ಬರು ಮೂವರು ಕೂಡುತ್ತಾರೆ. ಕೌದಿ ಹೊಲಿಯುವುದನ್ನೇ ಕಸುಬು ಮಾಡಿಕೊಂಡು ಓಣಿ ಓಣಿ ತಿರುಗುವ ಹೆಣ್ಣುಮಕ್ಕಳೂ ಇದ್ದಾರೆ. ‘ಕೌದಿ ಹೊಲಿಸೂದೈತೇನ್ರೀ ಯಕ್ಕಾ’ ಎಂದು ಬಾಗಿಲಲ್ಲಿ ನಿಂತವರು, ಮನೆಯವರು ತಂದು ಸುರಿದ ಗಂಟನ್ನು ಕೈಯಲ್ಲಿ ಎತ್ತಿ ನೋಡಿಯೇ ಎಷ್ಟು ಕೌದಿ ಆದೀತೆಂದು ಹೇಳಿಬಿಡುತ್ತಾರೆ.

ಕಟ್ಟುವ ಕ್ರಮ ನೋಡಲು ಸರಳ. ಕೆಳಗೆ ಒಂದು ಇಡೀ ಸೀರೆ, ನಡುವೆ ಧೋತರ, ಲುಂಗಿ, ಲಂಗದ ಚೂರು, ಮೇಲೆ ಬಣ್ಣಬಣ್ಣದ ತ್ಯಾಪಿ, ಅಂದರೆ ತೇಪೆ. ದಪ್ಪ ಹತ್ತಿ ದಾರದಲ್ಲಿ ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ನಾಲ್ಕೂ ಕಡೆ ಸುತ್ತಿ ಬಂದು, ಬೆರಳಗಲ ಒಳಸರಿದು ಮತ್ತೆ ಸುತ್ತು. ಹೀಗೆ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಎಡಗೈ ಅಂಗೈಯನ್ನು ಅರಿವಿಯ ಅಡಿಗೆ ಇಟ್ಟು, ಬಲಗೈ ಸೂಜಿಯನ್ನು ಇಳಿಸಿ ಎತ್ತಿ ಇಳಿಸಿ ಎತ್ತಿ ನಾಲ್ಕೈದು ಟಾಕು ಪೋಣಿಸಿಕೊಂಡ ಮೇಲೆ ಒಮ್ಮೆ ದಾರ ಎಳೆಯುತ್ತದೆ. ಎಳೆತದಲ್ಲೇ ಇರುವುದು ಎಲ್ಲ. ಜೋರಾದರೆ ಅರಿವಿ ಮುದುಡಿ ನೆರಿಗೆ ಬೀಳುತ್ತದೆ. ಸಡಿಲವಾದರೆ ಒಳಗಿನ ಚೂರುಗಳು ಒಂದೆರಡು ಒಗೆತಕ್ಕೇ ಗಂಟು ಕಟ್ಟುತ್ತವೆ. ಅಳತೆಪಟ್ಟಿ ಯಾರೂ ಹಿಡಿಯುವುದಿಲ್ಲ. ಮೊಳ, ಗೇಣು, ಬೆರಳು ಸಾಕು.

ಕುರ್ಚಿಗೆ ಇದೇ ಕ್ರಮ ತುಸು ತೆಳುವಾಗಬೇಕು. ಹಾಸುವ ಕೌದಿಯಷ್ಟು ಪದರ ಹಾಕಿದರೆ ಗವಸು ಬಾಗುವುದೇ ಇಲ್ಲ. ಕೂಡುವಲ್ಲಿ ಮೂರು ಪದರ, ಬೆನ್ನಿಗೆ ಎರಡು, ಕೈಗಳಿಗೆ ಮತ್ತೆ ಮೂರು. ಗಂಗಾವತಿಯ ಕಡೆ ಅಕ್ಕಿ ಗಿರಣಿಯ ಗೋಣಿಚೀಲ ಸುಲಭವಾಗಿ ಸಿಗುತ್ತದೆಂದು ಒಳಗೆ ಹಾಕಲು ಹೋಗಬೇಡಿ. ನಾರು ಚುಚ್ಚುತ್ತದೆ, ಒಗೆದರೆ ಬೇಗ ಒಣಗದು. ಒಂದು ಉದ್ದ ಪಟ್ಟಿ ಕುರ್ಚಿಯ ಹಿಂದೆ ನೆಲದಿಂದ ಎದ್ದು, ಬೆನ್ನು ದಾಟಿ, ಕೂಡುವ ಜಾಗದ ಮೇಲೆ ಹಾದು ಮುಂದೆ ಇಳಿಯಬೇಕು. ಎರಡು ಕೈಗೆ ಎರಡು ತುಂಡು ಬೇರೆ. ಬಹಳ ಮಂದಿಯ ಗವಸು ಹರಿಯುವುದು ಬೆನ್ನೂ ಕೂಡುವ ಜಾಗವೂ ಸೇರುವ ಸಂದಿನಲ್ಲಿ, ಯಾಕೆಂದರೆ ಅಲ್ಲಿ ಬಿಗಿಯಾಗಿ ಅಳೆದಿರುತ್ತಾರೆ. ಮನುಷ್ಯ ಕೂತೊಡನೆ ಸ್ಪಂಜು ಕುಸಿದು ಬಟ್ಟೆಯನ್ನು ಎರಡೂ ಕಡೆ ಜಗ್ಗುತ್ತದೆ. ಅಲ್ಲಿ ಒಂದು ಗೇಣು ಹೆಚ್ಚಿಗೆ ಬಿಡಿ. ಆ ಗೇಣು ಮಾತ್ರ ಒಂಟಿ ಪದರದ್ದಿರಲಿ. ಅದನ್ನು ಸಂದಿಗೆ ತುರುಕಿ, ಮೇಲೆ ಹಳೆ ಟವೆಲಿನ ಸುರುಳಿ ಒತ್ತಿದರೆ ಗವಸು ಜಾರುವುದಿಲ್ಲ. ಕೈತುಂಡುಗಳನ್ನು ಉದ್ದ ಪಟ್ಟಿಗೆ ಹೊಲಿಯದೆ ಕಸಿ (ಲಾಡಿ) ಕಟ್ಟಿದರೆ ಒಗೆಯಲು ಬಿಚ್ಚುವುದು ಸುಲಭ.

ಯಾವ ಅರಿವಿ ಎಲ್ಲಿಗೆ ಎಂಬುದೇ ಇದರಲ್ಲಿ ಜಾಣತನ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದ ಮಗ್ಗಗಳಲ್ಲೂ ಇಳಕಲ್ ಸೀರೆ ನೇಯುತ್ತಾರೆ. ಹಾಗಾಗಿ ಇಲ್ಲಿನ ಟ್ರಂಕುಗಳಲ್ಲಿ ಅದಕ್ಕೆ ಬರವಿಲ್ಲ. ಅಜ್ಜಿಯ ಕಾಲದ ಹದಿನಾರು ಮೊಳದ್ದಾದರೆ ಒಂದು ಕುರ್ಚಿಯ ಮೇಲ್ಪದರ ಅದರಲ್ಲೇ ಮುಗಿಯುತ್ತದೆ. ಒಡಲು ಸವೆದರೂ ದಡಿ ಗಟ್ಟಿ ಉಳಿದಿರುತ್ತದೆ. ಆ ದಡಿಯನ್ನು ಕೈಗಳ ತುದಿಗೆ, ಅಂಗೈ ಸದಾ ಉಜ್ಜುವಲ್ಲಿಗೆ ಹಚ್ಚಬೇಕು. ರೇಷ್ಮೆಯ ಕೆಂಪು ಸೆರಗು ಚಂದವೆಂದು ಕೂಡುವಲ್ಲಿ ಹಾಕಿದರೆ ಬೇಗ ಸೀಳುತ್ತದೆ. ಅದು ಬೆನ್ನಿನ ಹಿಂಬದಿಗಿರಲಿ, ಬಂದವರು ನೋಡಲಿ. ಒಡಲಿನ ಹಾಸೆಳೆಗೆ ಸೆರಗಿನ ಹಾಸೆಳೆಯನ್ನು ಕೊಂಡಿ ಕೊಂಡಿಯಾಗಿ ಸೇರಿಸುವ ಜಾಗದಲ್ಲಿ ಕತ್ತರಿ ಆಡಿಸಬಾರದು, ಎಳೆ ಬಿಚ್ಚಿಕೊಂಡೀತು. ಕೆಂಪು ಬಿಡುವ ಬಟ್ಟೆಯೋ ಹೇಗೆಂದು ಹೊಲಿಯುವ ಮುಂಚೆಯೇ ನೀರಲ್ಲಿ ನೆನೆಸಿ ನೋಡುವುದು ಒಳ್ಳೆಯದು.

ಕೌದಿಗೆ ನಂಟರು ಬಹಳ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ನಾಲ್ಕೂ ಮೂಲೆಗೆ ಬಟ್ಟೆ ಮಡಿಚಿ ‘ಫುಲಾ’ ಇಡದೆ ಕೌದಿ ಮುಗಿಸುವುದಿಲ್ಲ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ ಇದೇ ಜಾತಿಯವು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್‌ನ ಕಪ್ಪು ಮಹಿಳೆಯರು ಹೊಲದ ಕೆಲಸದ ಹರಕು ಬಟ್ಟೆಯಲ್ಲಿ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನ ಕಂಡವು, 2006ರಲ್ಲಿ ಅಂಚೆಚೀಟಿಯನ್ನೂ ಏರಿದವು. ನಮ್ಮವು ಇನ್ನೂ ಗಂಟುಕಟ್ಟಿ ಅಟ್ಟದ ಮೇಲಿವೆ. ನೆಂಟರು ಬರುವ ದಿನ ಮುಚ್ಚಿಡುವವರೂ ಉಂಟು. ಬೆಂಗಳೂರಿನ ಅಂಗಡಿಯಲ್ಲಿ ಅದಕ್ಕೇ ಸಾವಿರಗಟ್ಟಲೆ ಕೊಡುವ ನಾವು ಮನೆಯದನ್ನು ಬಚ್ಚಿಡುವುದು ನನಗಂತೂ ತಿಳಿಯದ ಲೆಕ್ಕ.

ನಮ್ಮಲ್ಲಿ ಮಹಾನವಮಿಯ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೋ ಕಾಲುವೆಗೋ ಹೋಗುತ್ತದೆ. ನೆನೆದ ಕೌದಿಯನ್ನು ಒಬ್ಬರು ಎತ್ತಲಾರರು, ಇಬ್ಬರು ಎದುರುಬದುರು ನಿಂತು ಹಿಂಡಬೇಕು. ಕುರ್ಚಿಯ ಗವಸಿಗೆ ಆ ಕಷ್ಟವಿಲ್ಲ, ಬಕೆಟ್ಟೇ ಸಾಕು. ಎಲ್ಲಾದರೂ ಹರಿದಿದ್ದರೆ ಹಳೆ ಹೊಲಿಗೆ ಬಿಚ್ಚದೆ ಅದರ ಮೇಲೆಯೇ ಇನ್ನೊಂದು ತ್ಯಾಪಿ ಹಚ್ಚಿ, ಒಣಗಿದ ಮೇಲೆ ಮತ್ತೆ ಕಸಿ ಕಟ್ಟಿದರಾಯಿತು.