ಗಾಜಿಗೆ ಅಂಟಿದ್ದು ಕೊಳೆಯಲ್ಲ

ಮಕ್ಕಳೇ, ಹೋದ ವರ್ಷ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಸಮುದ್ರನೀರಿನ ಅಕ್ವೇರಿಯಂ ಮಾಡಿದೆವು. ಎರಡಡಿ ಉದ್ದದ ಗಾಜಿನ ತೊಟ್ಟಿ, ಸುಮಾರು 50 ಲೀಟರ್ ನೀರು. ಮಂಜೇಶ್ವರದ ಕಡಲಿನಿಂದ ಕ್ಯಾನುಗಳಲ್ಲಿ ನೀರು ತಂದು, ಮರಳು, ಕಲ್ಲು ಹಾಕಿ, ಫಿಲ್ಟರ್ ಓಡಿಸಿ, ಮರುದಿನವೇ ಎರಡು ಪುಟ್ಟ ಮೀನು ಬಿಟ್ಟೆವು. ಪಾಪ, ಹಸಿವಾಗಬಾರದು ಅಂತ ದಿನಕ್ಕೆ ಮೂರು ಸಲ ಆಹಾರ!

ಹನ್ನೆರಡನೇ ದಿನ ಒಂಬತ್ತನೇ ತರಗತಿಯವರು ಓಡಿ ಬಂದರು. "ಟೀಚರ್, ತೊಟ್ಟಿಗೆ ತುಕ್ಕು ಹಿಡಿದಿದೆ!" ಗಾಜು, ಮರಳು, ಕಲ್ಲು ಎಲ್ಲದರ ಮೇಲೂ ಕಂದು ಪುಡಿ. ನನಗೂ ನಾಚಿಕೆಯಾಯಿತು. ಎಲ್ಲವನ್ನೂ ಹೊರಗೆ ತೆಗೆದು, ಮರಳನ್ನೂ ಫಿಲ್ಟರಿನ ಸ್ಪಾಂಜನ್ನೂ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದು, ಹೊಸ ಸಮುದ್ರನೀರು ತುಂಬಿಸಿದೆವು. ತೊಟ್ಟಿ ಫಳಫಳ ಹೊಳೆಯಿತು. ಒಂದು ವಾರದಲ್ಲಿ ಎರಡೂ ಮೀನು ಸತ್ತವು. ಪರೀಕ್ಷಾ ಕಿಟ್ ತಂದು ನೋಡಿದರೆ ನೀರಿನಲ್ಲಿ ಅಮೋನಿಯಾ ತುಂಬಿತ್ತು.

ತಪ್ಪು ನನ್ನದೇ. ಮೀನಿನ ವಿಸರ್ಜನೆಯಿಂದ, ಉಳಿದ ಆಹಾರ ಕೊಳೆಯುವುದರಿಂದ ಅಮೋನಿಯಾ ಉಂಟಾಗುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಪಾಠದಲ್ಲಿ ಓದಿದ ನೈಟ್ರೋಜನ್ ಚಕ್ರ ಇದೇ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಮರಳು, ಕಲ್ಲು, ಸ್ಪಾಂಜಿನ ಮೇಲೆ. ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಬೆಳೆಯತೊಡಗಿದ್ದನ್ನು ನಾವು ತೊಳೆದುಬಿಟ್ಟೆವು!

ಆ ಕಂದು ಪುಡಿಯೋ? ಅದು ಡಯಾಟಮ್ ಎಂಬ ಏಕಕೋಶ ಪಾಚಿ. ಅದರ ಹೊರಕವಚ ಸಿಲಿಕಾದ್ದು, ಅಂದರೆ ಮರಳಿನಲ್ಲೂ ಗಾಜಿನಲ್ಲೂ ಇರುವ ವಸ್ತು. ಹೊಸ ತೊಟ್ಟಿಯ ನೀರಿನಲ್ಲಿ ಸಿಲಿಕಾ ಸಿಗುತ್ತದೆ, ಪೈಪೋಟಿ ಕಡಿಮೆ, ಹಾಗಾಗಿ ಅದು ಮೊದಲು ಬರುತ್ತದೆ. ಪಾಚಿ ತಾನೂ ಅಮೋನಿಯಾ ಹೀರಿಕೊಳ್ಳುತ್ತದೆ. ಅಂದರೆ ನಾವು ಕೊಳೆ ಅಂದುಕೊಂಡು ಉಜ್ಜಿದ್ದು ಮೀನಿಗೆ ಸಹಾಯ ಮಾಡುತ್ತಿದ್ದ ಜೀವಿಗಳನ್ನೇ.

ಎರಡನೇ ಸಲ ಮೀನು ಬಿಡದೆ ಆರು ವಾರ ಕಾದೆವು. ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಆಗಾಗ ಚಿಟಿಕೆ ಆಹಾರ ಮಾತ್ರ ಹಾಕಿದೆವು. ಕಂದು ಪಾಚಿ ಮತ್ತೆ ಬಂತು. ಎದುರಿನ ಗಾಜು ಮಾತ್ರ ಒರೆಸಿದೆವು. ಮೂರು ವಾರದಲ್ಲಿ ಅದು ತಾನಾಗಿಯೇ ಕಡಿಮೆಯಾಯಿತು. ಆಮೇಲೆ ಹಸಿರು ಪಾಚಿ ಶುರು. ಆಗ ಮಾಡಿದ್ದು ಇಷ್ಟು:

● ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರ ಇಟ್ಟೆವು. ದೀಪ ದಿನಕ್ಕೆ 8 ಗಂಟೆ ಮಾತ್ರ.
● ವಾರಕ್ಕೊಮ್ಮೆ 5 ಲೀಟರ್ ನೀರು ಬದಲಿಸಿದೆವು. ಸ್ಪಾಂಜನ್ನು ತೆಗೆದ ಆ ಹಳೆ ನೀರಿನಲ್ಲೇ ಹಿಂಡಿದೆವು.
● ನೀರು ಆವಿಯಾಗಿ ಇಳಿದಾಗ ಸಿಹಿನೀರು ಸೇರಿಸಿದೆವು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಪ್ರತಿ ಸಲ ಸಮುದ್ರನೀರನ್ನೇ ಹಾಕಿದರೆ ಉಪ್ಪು ಏರುತ್ತಾ ಹೋಗುತ್ತದೆ.
● ಪಾಚಿ ತಿನ್ನುವ ನಾಲ್ಕು ಕಡಲ ಬಸವನಹುಳು ಬಿಟ್ಟೆವು.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಒಂದೇ ಒಂದು ಮೀನು ಬಿಟ್ಟೆವು. ಆಹಾರ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಅದು ಈಗಲೂ ಇದೆ. ಹಿಂದಿನ ಗಾಜಿನಲ್ಲಿ ಸ್ವಲ್ಪ ಪಾಚಿಯೂ ಇದೆ. ಇರಲಿ ಬಿಡಿ.

ನೀವೇ ಮಾಡಿ ನೋಡಿ: ಎರಡು ಗಾಜಿನ ಬಾಟಲಿಗಳಲ್ಲಿ ಒಂದೇ ಕೆರೆಯ ಅಥವಾ ಕಡಲಿನ ನೀರು ತುಂಬಿ. ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಕಪಾಟಿನೊಳಗೆ ಇಡಿ. 15 ದಿನ ಬಣ್ಣ ನೋಡಿ ಬರೆದಿಡಿ. ವ್ಯತ್ಯಾಸ ಯಾಕೆ ಅಂತ ನಿಮ್ಮ ಟೀಚರಿಗೆ ಹೇಳಿ.