ಕಲಿತ ಅಕ್ಷರ ತಲೆಯಲ್ಲಿ ಹೇಗೆ ಉಳಿಯುತ್ತದೆ?

ರೊಟ್ಟಿ ಬಡಿಯುವಾಗ ನೀವು ಕೈ ಕಡೆ ನೋಡುತ್ತೀರಾ? ಇಲ್ಲ. ಮಾತಾಡುತ್ತಲೇ ಬಡಿದು ಹಂಚಿಗೆ ಹಾಕುತ್ತೀರಿ. ಮೊದಲು ಬಡಿದ ರೊಟ್ಟಿ ನೆನಪಿದೆಯೇ? ಅಂಚು ಹರಿದಿತ್ತು. ಕೈಯೂ ಸುಟ್ಟಿತ್ತು. ಅಂದಿನಿಂದ ಇಂದಿಗೆ ಪಳಗಿದ್ದು ಕೈ ಮಾತ್ರ ಅಲ್ಲ, ನಿಮ್ಮ ಮಿದುಳು ಕೂಡ.

ಅಕ್ಷರ ಕಲಿಯುವುದೂ ಹಾಗೇ. ಆದರೆ ಬಹಳ ಮಂದಿ, “ವಯಸ್ಸಾತು, ಇನ್ನ ಅಕ್ಷರ ತಲಿಗೆ ಹತ್ತೂದಿಲ್ಲ” ಅಂತಾರೆ. ಇದು ನಿಜವೇ? ತಲೆಯೊಳಗೆ ಏನು ನಡೆಯುತ್ತದೆ, ನೋಡೋಣ ಬನ್ನಿ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುತ್ತದೆ. ಸುದ್ದಿ ದಾಟುವ ಜಾಗಕ್ಕೆ ನರಸಂಧಿ ಎನ್ನುತ್ತಾರೆ. ಸಂಧಿ ಎಂದರೂ ಎರಡು ಕೋಶ ಅಂಟಿಕೊಂಡಿರುವುದಿಲ್ಲ. ನಡುವೆ ಬಹಳ ಸಣ್ಣ ಸಂದು ಇರುತ್ತದೆ. ಈ ಕಡೆಯ ಕೋಶ ಒಂದು ರಸ ಬಿಡುತ್ತದೆ. ಆ ರಸ ಸಂದು ದಾಟಿ ಆ ಕಡೆಯ ಕೋಶವನ್ನು ಎಬ್ಬಿಸುತ್ತದೆ.

ನೀವು ‘ಕ’ ಅಕ್ಷರ ನೋಡುತ್ತೀರಿ. ಕೂಡಲೇ ‘ಕ’ ಎಂದು ಬಾಯಿಬಿಟ್ಟು ಹೇಳುತ್ತೀರಿ. ಆಗ ಆಕಾರ ಗುರುತಿಸುವ ಕೋಶಗಳೂ ದನಿ ಗುರುತಿಸುವ ಕೋಶಗಳೂ ಒಟ್ಟಿಗೆ ಏಳುತ್ತವೆ. ಹೀಗೆ ಮತ್ತೆ ಮತ್ತೆ ಒಟ್ಟಿಗೆ ಎದ್ದರೆ ನಡುವಿನ ಸಂಧಿ ಗಟ್ಟಿಯಾಗುತ್ತದೆ. ಹೀಗಿರಬೇಕು ಎಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲೇ ಬರೆದರು.

ಇದನ್ನು ಪರೀಕ್ಷೆ ಮಾಡಿ ತೋರಿಸಿದವರಲ್ಲಿ ಅಮೆರಿಕದ ಎರಿಕ್ ಕ್ಯಾಂಡೆಲ್ ದೊಡ್ಡ ಹೆಸರು. ಅವರು ಆರಿಸಿಕೊಂಡ ಪ್ರಾಣಿ ಯಾವುದು ಗೊತ್ತೇ? ಸಮುದ್ರದ ಬಸವನಹುಳು! ಅದಕ್ಕೆ ಇರುವುದು ಸುಮಾರು 20,000 ನರಕೋಶ ಮಾತ್ರ. ಕೆಲವು ಬರಿಗಣ್ಣಿಗೂ ಕಾಣುವಷ್ಟು ದೊಡ್ಡವು. ಹುಳುವಿನ ಬಾಲಕ್ಕೆ ಸಣ್ಣ ಕರೆಂಟು ಮುಟ್ಟಿಸಿದರು. ಪಾಪ, ಅದು ಹೆದರಿತು. ಆಮೇಲೆ ಮೆಲ್ಲಗೆ ಮುಟ್ಟಿದರೂ ಮೈ ಮುದುರಿಕೊಂಡಿತು. ಒಂದೇ ಸಲ ಕರೆಂಟು ತಾಗಿದ್ದರೆ ಆ ನೆನಪು ಕೆಲವೇ ನಿಮಿಷ. ಬಿಡುವು ಕೊಟ್ಟು ನಾಲ್ಕು ದಿನ ಹಾಗೆ ಮಾಡಿದರೆ ನೆನಪು ವಾರಗಟ್ಟಲೆ ಉಳಿಯಿತು.

ಒಳಗೆ ಆದದ್ದೇನು? ಗಳಿಗೆಯ ನೆನಪಿಗೆ ಹಳೆಯ ಸಂಧಿಯೇ ಸ್ವಲ್ಪ ಹೆಚ್ಚು ರಸ ಬಿಟ್ಟಿತು, ಅಷ್ಟೆ. ಬಹುದಿನದ ನೆನಪಿಗೆ ಹೊಸ ಸಂಧಿಗಳೇ ಬೆಳೆದವು. ಒಂದು ಕೋಶದಲ್ಲಿ ಸುಮಾರು 1,300 ಇದ್ದ ಸಂಧಿಗಳು ಎರಡರಷ್ಟಾದವು. ಮರೆತ ಮೇಲೆ ಅವು ಮತ್ತೆ ಕಡಿಮೆಯಾದವು. ಆದರೆ ಪೂರಾ ಹಿಂದಿನಷ್ಟಕ್ಕೆ ಇಳಿಯಲಿಲ್ಲ, ಒಂದಿಷ್ಟು ಉಳಿದೇ ಉಳಿದವು. ಒಮ್ಮೆ ಕಲಿತು ಮರೆತದ್ದು ಎರಡನೇ ಸಲ ಬೇಗ ಬರುವುದಕ್ಕೆ ಇದೇ ಕಾರಣ ಇರಬೇಕು. ಕ್ಯಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು.

ಹುಳುವಿನ ಮಾತಾಯಿತು, ಮನುಷ್ಯರ ಮಾತೇನು ಎಂದು ನೀವು ಕೇಳಬಹುದು. ಉತ್ತರ ಪ್ರದೇಶದ ಲಖನೌ ಹತ್ತಿರದ ಹಳ್ಳಿಯ ಜನರಿಗೆ ಆರು ತಿಂಗಳು ಹಿಂದಿ ಓದಲು ಕಲಿಸಿದರು. ಹೆಚ್ಚಿನವರು ಹೆಣ್ಣುಮಕ್ಕಳು, ಮೂವತ್ತರ ಆಸುಪಾಸಿನವರು. ಮೊದಲೂ ಆಮೇಲೂ ಅವರ ಮಿದುಳಿನ ಚಿತ್ರ ತೆಗೆದರು. ಮಿದುಳಿನ ಆಳದಲ್ಲಿ, ಕಣ್ಣಿನ ಕೆಲಸಕ್ಕೆ ಸೇರಿದ ಭಾಗಗಳಲ್ಲಿ ಕೂಡ ಬದಲಾವಣೆ ಕಂಡಿತು. ಈ ವರದಿ 2017ರಲ್ಲಿ ಬಂತು. ಮಕ್ಕಳಿಗೆ ಬೇಗ ಬರಬಹುದು. ದೊಡ್ಡವರಿಗೆ ಬರುವುದೇ ಇಲ್ಲ ಎಂಬ ಮಾತು ಮಾತ್ರ ಸುಳ್ಳು.

ಅಕ್ಕಲಕೋಟೆ, ಜತ್ತ ಕಡೆಯ ನಮಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ ಆಡುತ್ತೇವೆ. ಹೊರಗೆ ಬಂದರೆ ಅಂಗಡಿ, ಕಚೇರಿ, ಬಸ್ಸು, ಹೆಚ್ಚಾಗಿ ಎಲ್ಲಾ ಮರಾಠಿ ಬೋರ್ಡು. ಪಾಠದಲ್ಲಿ ಕಂಡ ‘ಧ’, ‘ಥ’ ಮತ್ತೆ ಕಣ್ಣಿಗೆ ಬೀಳುವುದೇ ಅಪರೂಪ. ಸಂಧಿ ಸಡಿಲವಾಗಲು ಅಷ್ಟು ಸಾಕು. ನಿಮ್ಮ ತಲೆಯ ತಪ್ಪಲ್ಲ ಅದು.

ಹಾಗಾಗಿ ಭಾನುವಾರ ಒಂದೇ ಸಲ ಎರಡು ತಾಸು ಕೂಡುವುದಕ್ಕಿಂತ ದಿನಾ ಹತ್ತು ನಿಮಿಷ ಓದಿ. ಪುಸ್ತಕ ಮುಚ್ಚಿ, ನಿನ್ನೆಯ ಅಕ್ಷರ ನೆನಪಿನಿಂದ ಬರೆದು ನೋಡಿ. ಆಮೇಲೆ ಚೆನ್ನಾಗಿ ನಿದ್ದೆ ಮಾಡಿ. ಕಲಿತದ್ದು ಗಟ್ಟಿಯಾಗಲು ನಿದ್ದೆಯೂ ಬೇಕು. ಮೊಮ್ಮಗಳು ಕನ್ನಡ ಶಾಲೆಗೆ ಹೋಗುತ್ತಿದ್ದರೆ ಅವಳ ಪುಸ್ತಕ ಕೇಳಿ ತೆಗೆದುಕೊಳ್ಳಿ. ಸ್ಟ್ಯಾಂಡಿಗೆ ಕರ್ನಾಟಕದ ಬಸ್ಸು ಬಂದರೆ ಅದರ ಬೋರ್ಡು ಓದಿ. ನೀವು ಆ ಬಸ್ಸು ಹತ್ತದಿದ್ದರೂ ಸರಿ.